ಚಹಾ ನೀರಿನ ಊರಲ್ಲಿ ಗಿಟಾರ್ ಬೀದಿ

ಟೋಕಿಯೋ ನಗರದಲ್ಲಿ ಓಚನೊಮಿಜು ಎಂಬ ಪ್ರದೇಶವಿದೆ. ಹೆಸರಿನ ಅರ್ಥ ‘ಚಹಾದ ನೀರು’. ಸುಮಾರು ನಾನೂರು ವರ್ಷಗಳ ಹಿಂದೆ ಇಲ್ಲಿನ ದೇವಾಲಯವೊಂದರ ಬುಗ್ಗೆಯ ನೀರು ದೇಶವಾಳುವ ಶೋಗನ್‌ನ ಚಹಾಕ್ಕೆ ಹೋಗುತ್ತಿತ್ತಂತೆ. ಈಗ ಆ ಬುಗ್ಗೆಯಿಲ್ಲ. ರೈಲಿನಿಂದಿಳಿದು, ಕಾಂದಾ ನದಿಗೆ ಬೆನ್ನು ಮಾಡಿ ಇಳಿಜಾರಿನಲ್ಲಿ ನಡೆದರೆ ಕಾಣುವುದು ಗಿಟಾರ್ ಅಂಗಡಿಗಳ ಸಾಲು. ಜಾತ್ರೆಯಲ್ಲಿ ಬಳೆಯಂಗಡಿಗಳು ಕೂತಂತೆ ಒಂದರ ಪಕ್ಕ ಒಂದು! ನಡುವೆ ಮೇಜಿ ವಿಶ್ವವಿದ್ಯಾಲಯ. ಇಳಿಜಾರು ಮುಗಿಯುವಲ್ಲಿ ಜಿಂಬೋಚೋ ಎಂಬ ಹಳೆ ಪುಸ್ತಕಗಳ ಪೇಟೆ.

ನನ್ನನ್ನು ಅಲ್ಲಿಗೆ ಕರೆದೊಯ್ದವನು ಟೋಕಿಯೋದಲ್ಲಿ ಕೆಲಸದಲ್ಲಿರುವ ಅಕ್ಕನ ಮಗ. “ಹೊಸ ಗಿಟಾರು ಎಲ್ಲ ಊರಲ್ಲೂ ಸಿಗುತ್ತೆ ಚಿಕ್ಕಮ್ಮ. ಮಹಡಿ ಹತ್ತಿ ಬನ್ನಿ, ಹಳೇದು ತೋರಿಸ್ತೀನಿ” ಎಂದ.

ಮೇಲೆ ಗೋಡೆಯ ತುಂಬ 1960ರ ದಶಕದ ಎಲೆಕ್ಟ್ರಿಕ್ ಗಿಟಾರ್‌ಗಳು. ಕೆಂಪು, ತಿಳಿನೀಲಿ, ಬೆಣ್ಣೆ ಬಣ್ಣ. ಕೆಲವಕ್ಕೆ ಕೊಂಬಿನಂಥ ಚಾಚು, ಕೆಲವಕ್ಕೆ ರೇಡಿಯೊಗಿದ್ದಂತೆ ಸಾಲುಸಾಲು ಗುಂಡಿ. ಟೈಸ್ಕೊ, ಗುಯಟೋನ್ ಎಂಬ ಜಪಾನಿ ಕಂಪನಿಗಳು ಮಾಡಿದವು. ಟೈಸ್ಕೊ ಗಿಟಾರ್‌ಗಳು ಆಗ ಹಡಗೇರಿ ಅಮೆರಿಕಕ್ಕೂ ಹೋಗುತ್ತಿದ್ದವು. ಅಗ್ಗದ ಬೆಲೆ, ಆದ್ದರಿಂದ ಶಾಲಾ ಹುಡುಗರ ಕೈಗೂ ಎಟುಕಿದವು. ಅಲ್ಲಿನ ಹುಡುಗರು ಕಾರು ನಿಲ್ಲಿಸುವ ಶೆಡ್ಡಿನಲ್ಲಿ ಸೇರಿ ನುಡಿಸುತ್ತಿದ್ದ ಒರಟು ಸಂಗೀತಕ್ಕೆ ಮುಂದೆ ‘ಗ್ಯಾರೇಜ್ ರಾಕ್’ ಎಂದೇ ಹೆಸರಾಯಿತು.

ಮಕ್ಕಳೇ, ಈ ಗಿಟಾರಿಗೆ ಬುರುಡೆಯಿಲ್ಲ, ಟೊಳ್ಳು ಹೊಟ್ಟೆಯಿಲ್ಲ. ಸುಮ್ಮನೆ ಮೀಟಿದರೆ ಸೊಳ್ಳೆಯಷ್ಟೇ ಸದ್ದು. ತಂತಿಯ ಕೆಳಗೆ ಅಯಸ್ಕಾಂತ. ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಆ ಸುರುಳಿಯಲ್ಲಿ ಚೂರೇ ಚೂರು ವಿದ್ಯುತ್ ಹುಟ್ಟುತ್ತದೆ. ಅದನ್ನು ದೊಡ್ಡದು ಮಾಡಿ ಕೇಳಿಸುವುದು ಆಂಪ್ಲಿಫೈಯರ್. ಸಣ್ಣ ಆಂಪ್ಲಿಫೈಯರಿಗೆ ಶಕ್ತಿ ಮೀರಿ ಕೆಲಸ ಕೊಟ್ಟರೆ ನಾದ ಒಡೆದು ಗರಗರ ಎನ್ನುತ್ತದೆ. ಬೇರೆಯವರು ಅದನ್ನು ದೋಷವೆಂದರು, ಗ್ಯಾರೇಜ್ ಹುಡುಗರು ಅದನ್ನೇ ಮೆಚ್ಚಿದರು. ಇಂದಿನ ತಂಡಗಳೂ ಆ ಗರಗರಕ್ಕಾಗಿಯೇ ಹಳೆಯ ಗಿಟಾರ್ ಹುಡುಕುತ್ತವೆ. 1986ರಲ್ಲಿ ಟೋಕಿಯೋದಲ್ಲಿ ಹುಟ್ಟಿದ ‘ದಿ 5.6.7.8’ಸ್’ ಎಂಬ ಹೆಣ್ಣುಮಕ್ಕಳ ತಂಡ ಅರವತ್ತರ ದಶಕದ ಆ ಧಾಟಿಯಲ್ಲೇ ಹಾಡಿ, 2003ರಲ್ಲಿ ಹಾಲಿವುಡ್ ಚಿತ್ರವೊಂದರಲ್ಲೂ ಕಾಣಿಸಿಕೊಂಡಿತು.

ಜಪಾನಿನಲ್ಲಿ ಈ ಹುಚ್ಚು ಹತ್ತಿದ್ದು 1965ರಲ್ಲಿ. ಆ ಜನವರಿಯಲ್ಲಿ ಅಮೆರಿಕದ ‘ದಿ ವೆಂಚರ್ಸ್’ ತಂಡ ಬಂದು ಮೋಸ್‌ರೈಟ್ ಗಿಟಾರ್‌ಗಳನ್ನು ನುಡಿಸಿತು. ಹಾಡಿಲ್ಲ, ಬರೀ ವಾದ್ಯ. ಹಾಗಾಗಿ ಇಂಗ್ಲಿಷ್ ಬಾರದವರಿಗೂ ಅಡ್ಡಿಯಾಗಲಿಲ್ಲ. ಹುಡುಗರೆಲ್ಲ ‘ಎಲೆಕಿ, ಎಲೆಕಿ’ ಎಂದು ಜಪಿಸತೊಡಗಿದರು. ಎಲೆಕ್ಟ್ರಿಕ್ ಗಿಟಾರಿಗೆ ಅವರಿಟ್ಟ ಮುದ್ದಿನ ಹೆಸರು ಅದು. ಹಿರಿಯರು ಹೆದರಿದರು. ಮಕ್ಕಳು ಓದು ಬಿಟ್ಟು ದಾರಿ ತಪ್ಪುತ್ತಾರೆಂದು ಅದೇ ವರ್ಷ ಅಶಿಕಾಗಾ ನಗರದ ಶಿಕ್ಷಣ ಮಂಡಳಿ ಶಾಲಾ ಮಕ್ಕಳಿಗೆ ಎಲೆಕಿಯನ್ನೇ ನಿಷೇಧಿಸಿತು! ಬೇರೆ ಕಡೆಯೂ ಶಾಲೆಗಳು ಅದೇ ಹಾದಿ ಹಿಡಿದವು.

ಇದಕ್ಕೆ ಉತ್ತರ ಕೊಟ್ಟವರು ತಾಕೇಶಿ ತೆರಾವುಚಿ ಎಂಬ ಗಿಟಾರ್ ವಾದಕರು. ಜಗಳವಾಡಲಿಲ್ಲ. ತಮ್ಮ ನಾಡಿನ ಜನಪದ ಹಾಡುಗಳನ್ನೇ ಎಲೆಕಿಯಲ್ಲಿ ನುಡಿಸಿದರು. 1967ರಲ್ಲಿ ಬೀಥೋವನ್‌ನ ಐದನೆಯ ಸಿಂಫೊನಿಯನ್ನೂ ನುಡಿಸಿದರು. ಮುಂದೆ ಗಿಟಾರ್ ಹಿಡಿದು ಶಾಲೆಯಿಂದ ಶಾಲೆಗೆ ಹೋಗಿ ಮಕ್ಕಳೆದುರೇ ಕಛೇರಿ ಮಾಡಿದರು.

ಅಂಗಡಿಯಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ಕೆಂಪು ಟೈಸ್ಕೊ ಎದುರು ನಿಂತಿದ್ದಳು. ಜೊತೆಗೆ ನರೆಗೂದಲ ಅಜ್ಜ. ಅವರ ಮಾತನ್ನು ಅಕ್ಕನ ಮಗ ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಿದ್ದ. ಅವಳಿಗೆ ಅದು ಬೇಕಂತೆ, ಶಾಲೆಯ ಸಂಗೀತ ಸಂಘಕ್ಕಾಗಿ. ಹೌದು, ಈಗ ಜಪಾನಿನ ಎಷ್ಟೋ ಪ್ರೌಢಶಾಲೆಗಳಲ್ಲಿ ಗಿಟಾರ್ ತಂಡ ಕಟ್ಟಲೆಂದೇ ಸಂಘಗಳಿವೆ.

“ಅದೇ ದುಡ್ಡಿಗೆ ಹೊಸದು ಬರುತ್ತಲ್ಲ” ಎಂದರು ಅಜ್ಜ.

“ಹೊಸದರಲ್ಲಿ ಈ ಸದ್ದು ಬರಲ್ಲ ತಾತ.”

ಅಂಗಡಿಯವರು ಗಿಟಾರನ್ನು ಇಳಿಸಿ, ಯಾಕೋ ಅಜ್ಜನ ಕೈಗೇ ಕೊಟ್ಟರು. ಅವರು ಸ್ಟೂಲಿನ ತುದಿಯಲ್ಲಿ ಕೂತರು. ಬೆರಳು ಒಂದೆರಡು ಕಡೆ ಎಡವಿತು, ಆಮೇಲೆ ದಾರಿ ಹಿಡಿಯಿತು. ವೆಂಚರ್ಸ್ ತಂಡದ ಹಳೆಯ ಧಾಟಿ ಗರಗರನೆ ಹೊರಟಿತು. ಮೊಮ್ಮಗಳು ಬಾಯಿ ಬಿಟ್ಟುಕೊಂಡು ನೋಡಿದಳು.

“ನಿಮಗೆ ಇದು ಬರುತ್ತಾ? ಯಾವತ್ತೂ ಹೇಳಲೇ ಇಲ್ಲ!”

“ನಮ್ಮಪ್ಪನಿಗೆ ಗೊತ್ತಾಗದ ಹಾಗೆ ಗೆಳೆಯನ ಮನೆಯಲ್ಲಿ ಕಲಿತದ್ದು. ಹೇಳುವ ಅಭ್ಯಾಸವೇ ತಪ್ಪಿಹೋಯಿತು” ಎಂದರು ಅಜ್ಜ.

ನಾವು ಕೆಳಗಿಳಿದು ಪುಸ್ತಕದ ಪೇಟೆಯತ್ತ ನಡೆಯುವಾಗ ಅವರಿಬ್ಬರೂ ಮುಂದೆಯೇ ಹೋಗುತ್ತಿದ್ದರು. ಮೊಮ್ಮಗಳ ಬೆನ್ನಿಗೆ ಶಾಲೆಯ ಚೀಲ, ಅಜ್ಜನ ಬೆನ್ನಿಗೆ ಗಿಟಾರಿನ ಚೀಲ.

ಮಕ್ಕಳೇ, ಇವತ್ತು ಊಟವಾದ ಮೇಲೆ ನಿಮ್ಮ ಅಜ್ಜ, ಅಜ್ಜಿಯನ್ನು ಕೇಳಿ ನೋಡಿ: ಚಿಕ್ಕಂದಿನಲ್ಲಿ ಮನೆಯವರು ಬೇಡವೆಂದರೂ ಅವರು ಕದ್ದು ಕೇಳುತ್ತಿದ್ದ ಹಾಡು ಯಾವುದು? ಅಜ್ಜ, ಅಜ್ಜಿಯರೇ, ನೆನಪಿಲ್ಲ ಎಂದು ಮಾತ್ರ ಹೇಳಬೇಡಿ!