ಎರಡನೆಯ ಚಂದ್ರ ಎಲ್ಲಿ?

ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಮನೆಗಳಿಗೆ ಒಂದು ಅನುಕೂಲವಿದೆ. ರಾತ್ರಿಯ ಮೊದಲ ಜಾವವೆಲ್ಲ ಬಿಡುವು. ವ್ಯಾಪಾರವನ್ನು ಮಕ್ಕಳಿಗೆ ಒಪ್ಪಿಸಿದ ಮೇಲೆ ಆ ಹೊತ್ತನ್ನು ನಾನು ಮಾಳಿಗೆಯ ಮೇಲೆ ಆಕಾಶವೀಕ್ಷಣೆಯಲ್ಲಿ ಕಳೆಯುತ್ತಿದ್ದೇನೆ. ಮೊದಮೊದಲು ಬರಿಗಣ್ಣಿನಿಂದ, ಈಚೆಗೆ ಒಂದು ಸಣ್ಣ ದೂರದರ್ಶಕದಿಂದ.

ವೈಶಾಖದ ರಾತ್ರಿ ಉತ್ತರಕ್ಕೆ ಮುಖಮಾಡಿದರೆ ಸಪ್ತರ್ಷಿಮಂಡಲ ಎತ್ತರದಲ್ಲಿರುತ್ತದೆ. ಬಾಲದ ತುದಿಯಿಂದ ಎರಡನೆಯದು ವಸಿಷ್ಠ. ಅದರ ಮಗ್ಗುಲಿನ ಚಿಕ್ಕ ಚುಕ್ಕೆಯೇ ನಮ್ಮ ನಾಡಿನ ಅನೇಕ ಮದುವೆಗಳಲ್ಲಿ ವಧೂವರರಿಗೆ ತೋರಿಸುವ ಅರುಂಧತಿ. (ಮುಹೂರ್ತ ಹಗಲಿನದಾದರೆ, ಕಾಣದ ನಕ್ಷತ್ರಕ್ಕೂ ‘ಕಂಡಿತು’ ಎಂದು ತಲೆಯಾಡಿಸುವುದುಂಟು!) ಬರಿಗಣ್ಣಿಗೆ ಒಂದೇ ಆಗಿ ತೋರುವ ವಸಿಷ್ಠ ನನ್ನ ದೂರದರ್ಶಕದಲ್ಲಿ ಎರಡಾಗುತ್ತದೆ. ಅವುಗಳಲ್ಲಿ ಹೆಚ್ಚು ಬೆಳಗುವುದು ಸಹ ಜೋಡಿಯೇ ಎಂದು 1889ರಲ್ಲಿ ಅಮೆರಿಕದ ಪಿಕರಿಂಗ್ ಅವರು ಬೆಳಕನ್ನು ವಿಭಜಿಸಿ ತೋರಿಸಿದರು. ಅರುಂಧತಿಯೂ ಸೇರಿ ಇಂದಿನ ಎಣಿಕೆ ಆರು. ಹಾಗಾದರೆ ಕಣ್ಣು ಸುಳ್ಳು ಹೇಳಿತೆ? ಇಲ್ಲ, ತನ್ನ ಶಕ್ತಿಯಿದ್ದಷ್ಟು ಲೆಕ್ಕ ಕೊಟ್ಟಿತು. ಭತ್ತ ಅಳೆಯುವ ಕೊಳಗಕ್ಕೂ ಚಿನಿವಾರನ ತಕ್ಕಡಿಗೂ ಇರುವ ಅಂತರವನ್ನು ಬಲ್ಲ ವ್ಯಾಪಾರಿಗೆ ಇದು ಹೊಸತಲ್ಲ.

ಚಂದ್ರನನ್ನು ನೋಡುತ್ತಿದ್ದ ಮೊಮ್ಮಗ ಒಂದು ದಿನ ಕೇಳಿದ: “ಅಜ್ಜಾ, ಜಂಬೂದ್ವೀಪಕ್ಕೆ ಇಬ್ಬರು ಸೂರ್ಯರು, ಇಬ್ಬರು ಚಂದ್ರರು ಅಂತ ಬಸದಿಯಲ್ಲಿ ಹೇಳಿದರಲ್ಲ, ಇನ್ನೊಬ್ಬ ಎಲ್ಲಿ?”

ಯತಿವೃಷಭಾಚಾರ್ಯರ ತಿಲೋಯಪಣ್ಣತ್ತಿಯಲ್ಲಿ ಹಾಗೆಯೇ ಇದೆ. ಭೂಮಿಯನ್ನು ಸಮತಲವೆಂದು ಬಗೆದು, ಮೇರುವನ್ನು ಒಮ್ಮೆ ಸುತ್ತಲು ಸೂರ್ಯನಿಗೆ 60 ಮುಹೂರ್ತ, ಎಂದರೆ ಎರಡು ಅಹೋರಾತ್ರ, ಬೇಕೆಂದು ನಮ್ಮ ಪ್ರಾಚೀನರು ಗಣಿಸಿದರು. ಆ ಲೆಕ್ಕದಲ್ಲಿ ನಿತ್ಯವೂ ಬೆಳಗಾಗಬೇಕಾದರೆ ಎರಡನೆಯ ಸೂರ್ಯ ಬೇಕೇ ಬೇಕು. ಬರಿಗಣ್ಣಿನ ಕಾಲದಲ್ಲಿ ಅದೊಂದು ಗಂಭೀರ ಗಣಿತ. ಆದರೆ ಚಂದ್ರ ಒಬ್ಬನೇ. ಅವನ ಮೇಲೆ 1969ರಲ್ಲಿ ಮನುಷ್ಯ ನಡೆದಾಡಿದ. 2023ರಲ್ಲಿ ನಮ್ಮ ಚಂದ್ರಯಾನ-3 ಇಳಿಯಿತು. ಹುಡುಗನಿಗೆ ಇಷ್ಟನ್ನೂ ಹೇಳಿದೆ.

ಹೇಳಬಾರದಿತ್ತೆಂದು ಕೆಲವರ ಅಭಿಪ್ರಾಯ. ಬಸದಿಯ ಅಂಗಳದಲ್ಲಿ ದೂರದರ್ಶಕವಿಡುವ ಮಾತು ಬಂದಾಗ, ಮಕ್ಕಳ ಶ್ರದ್ಧೆ ಕೆಡುತ್ತದೆ ಎಂದು ಹಿರಿಯರೊಬ್ಬರು ತಡೆದರು. ಅವರ ಕಳಕಳಿ ನಿಜವಾದದ್ದು. ಆದರೆ ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯವನ್ನು ಅವರೂ ಓದಿದವರೇ. ಅಲ್ಲಿ ಇಂದ್ರಿಯಗಳಿಂದ ಬರುವ ಮತಿಜ್ಞಾನವೂ ಶಬ್ದದಿಂದ ಬರುವ ಶ್ರುತಜ್ಞಾನವೂ ಎರಡೂ ಪರೋಕ್ಷಗಳೇ. ಕಣ್ಣನ್ನು ಮಾತ್ರ ಪರೀಕ್ಷೆಗೆ ಒಡ್ಡಿ ಗ್ರಂಥಕ್ಕೆ ವಿನಾಯಿತಿ ಕೊಡಲು ಅಲ್ಲಿ ಎಡೆಯಿದೆಯೆಂದು ನನಗೆ ತೋರುವುದಿಲ್ಲ. ಕಾಣದ್ದನ್ನು ಕಂಡಿತೆನ್ನಲು ಮಗುವಿಗೆ ಕಲಿಸಿದರೆ ಅದರ ಸತ್ಯಾಣುವ್ರತ ಉಳಿಯುವುದಾದರೂ ಹೇಗೆ?

ಟ್ರಸ್ಟಿನ ಮಹನೀಯರಲ್ಲಿ ನನ್ನ ಕೋರಿಕೆ ಇನ್ನೂ ಹಾಗೆಯೇ ಇದೆ. ಶುಕ್ಲಪಕ್ಷದ ಅಷ್ಟಮಿಯಾದರೆ ಉತ್ತಮ. ಹುಣ್ಣಿಮೆಗಿಂತ ಅಂದು ನೆರಳು ಉದ್ದವಾಗಿ ಬಿದ್ದು ಚಂದ್ರನ ಕುಳಿಗಳು ನಿಚ್ಚಳವಾಗಿ ಕಾಣುತ್ತವೆ. ಪರ್ವತಿಥಿಯಾದ್ದರಿಂದ ಬಸದಿಗೆ ಬರುವ ಮಕ್ಕಳೂ ಹೆಚ್ಚು.