ಕಟವಪ್ರದ ಸುಲಭ ದಾರಿ

ಮೊಣಕಾಲಿನ ನೋವು ಹೆಚ್ಚಾದ ಮೇಲೆ ಶ್ರವಣಬೆಳಗೊಳಕ್ಕೆ ಹೋದಾಗಲೆಲ್ಲ ನಾನು ಚಂದ್ರಗಿರಿಯನ್ನು ಮಾತ್ರ ಹತ್ತುತ್ತೇನೆ. ರಾಜಾಜಿನಗರದ ನಮ್ಮ ಮನೆಗೆ ಯಶವಂತಪುರದ ರೈಲುನಿಲ್ದಾಣ ಸಮೀಪ. 2017ರಲ್ಲಿ ಕುಣಿಗಲ್ ಮಾರ್ಗವಾಗಿ ಹಾಸನದ ರೈಲು ಆರಂಭವಾದಂದಿನಿಂದ ಪ್ರಯಾಣವೂ ಸುಗಮ. ಎದುರಿನ ವಿಂಧ್ಯಗಿರಿ ನೆಲಮಟ್ಟದಿಂದ ಸುಮಾರು 470 ಅಡಿ ಎತ್ತರವಿದ್ದರೆ ಚಂದ್ರಗಿರಿ ಸುಮಾರು 175 ಅಡಿ ಮಾತ್ರ. ಜನರು ಅದನ್ನು ಚಿಕ್ಕಬೆಟ್ಟವೆಂದೇ ಕರೆಯುತ್ತಾರೆ. ಶಾಸನಗಳಲ್ಲಿ ಅದು ಕಟವಪ್ರ, ಕಳ್ವಪ್ಪು.

ಪಾರ್ಶ್ವನಾಥ ಬಸದಿಯ ಬಳಿಯ ಬಂಡೆಯ ಮೇಲೆ ಕ್ರಿ.ಶ. ಸುಮಾರು 600ರ ಸಂಸ್ಕೃತ ಶಾಸನವೊಂದಿದೆ. ಹನ್ನೆರಡು ವರ್ಷಗಳ ಕ್ಷಾಮವನ್ನು ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿ ಮುಂಗಂಡುದನ್ನೂ ಸಂಘವು ದಕ್ಷಿಣಕ್ಕೆ ಬಂದುದನ್ನೂ ಅದು ಹೇಳುತ್ತದೆ. ಅನಂತರ ಈ ಬೆಟ್ಟದ ವರ್ಣನೆ: ಹೂಹಣ್ಣುಗಳ ಮರಗಳು, ಮಳೆಮೋಡದಂತಹ ಕಪ್ಪು ಬಂಡೆಗಳು, ಹುಲಿ ಕರಡಿ ಹಾವುಗಳಿಂದ ತುಂಬಿದ ಕಂದರಗಳು, ಉನ್ನತ ಶಿಖರಗಳು.

ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ 1923ರ ಶಾಸನಸಂಪುಟವನ್ನು ಮುಂದಿಟ್ಟುಕೊಂಡು ಇದನ್ನು ಬಹುಕಾಲ ಪಾಠ ಹೇಳಿದವನು ನಾನು. ಒಮ್ಮೆ ವಿದ್ಯಾರ್ಥಿನಿಯೊಬ್ಬಳು, “ಅಷ್ಟು ಚಿಕ್ಕ ಗುಡ್ಡದಲ್ಲಿ ಹುಲಿ ಎಲ್ಲಿಂದ ಬಂತು, ಸರ್?” ಎಂದು ಕೇಳಿದ್ದಳು. ತರಗತಿ ನಕ್ಕಿತು. ನಾನೂ ನಕ್ಕು, “ಇದು ಕವಿಸಮಯ, ಬಿಡಿ” ಎಂದು ಮುಂದಿನ ಶಾಸನಕ್ಕೆ ಹೋದೆ.

ಕಳೆದ ಮಾಘದ ಒಂದು ಸಂಜೆ ಅದೇ ಬಂಡೆಯ ಬಳಿ ತಡವಾಗಿ ಕುಳಿತಿದ್ದೆ. ದಕ್ಷಿಣಕ್ಕೆ ಊರು, ಕಲ್ಯಾಣಿ. ಅದರಾಚೆ ವಿಂಧ್ಯಗಿರಿಯ ಪ್ರಾಕಾರದ ಮೇಲೆ ಎದ್ದು ಕಾಣುವ ಗೊಮ್ಮಟನ ಮುಖ. ಉಳಿದ ದಿಕ್ಕುಗಳಲ್ಲಿ ತೆಂಗಿನ ತೋಟ, ಕೆರೆ, ಹೊಲಗಳು ದಿಗಂತದವರೆಗೆ. ಯಾತ್ರಿಕರು ಒಬ್ಬೊಬ್ಬರಾಗಿ ಇಳಿದುಹೋದರು. ಅವರು ಬೆಟ್ಟದ ಬುಡ ಮುಟ್ಟಿ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ನನಗೆ ಕಾಣುತ್ತಿದ್ದರು.

ಆಗ ಶಾಸನದ ಮುಂದಿನ ಮಾತು ನೆನಪಾಯಿತು. ತನ್ನ ಆಯುಷ್ಯ ಮುಗಿಯುತ್ತಿರುವುದನ್ನು ಅರಿತ ಆಚಾರ್ಯ ಪ್ರಭಾಚಂದ್ರ, ಒಬ್ಬ ಶಿಷ್ಯನನ್ನು ಮಾತ್ರ ಉಳಿಸಿಕೊಂಡು, ಸಂಘವನ್ನೆಲ್ಲ ಮುಂದಕ್ಕೆ ಕಳುಹಿಸಿ ಇಲ್ಲಿ ಸಮಾಧಿಯನ್ನು ಸಾಧಿಸಿದನೆಂದು ಅದು ಹೇಳುತ್ತದೆ. ಕಾಲಾಂತರದಲ್ಲಿ ಏಳುನೂರು ಋಷಿಗಳು ಅದೇ ಹಾದಿ ಹಿಡಿದರೆಂದೂ ಹೇಳುತ್ತದೆ. ದೂರದವರೆಗೆ ಕಾಣುವ ಈ ಬಂಡೆಯಿಂದ, ಬಿಟ್ಟುಹೋಗುತ್ತಿರುವ ಸಂಘವು ಎಷ್ಟು ಹೊತ್ತು ಕಣ್ಣಿಗೆ ಬೀಳುತ್ತಿದ್ದಿರಬೇಕು! ಆ ಮೇಲೆ ಕತ್ತಲೆ, ಕಾಡು, ಬಂಡೆ.

ಸಾವಿರದ ನಾನೂರು ವರ್ಷಗಳ ಹಿಂದೆ ಇಲ್ಲಿ ಕಾಡಿದ್ದಿರಬಹುದು, ಹುಲಿಯೂ ಇದ್ದಿರಬಹುದು. ಆದರೆ ನಾನು ತಪ್ಪಿದ್ದು ಅಲ್ಲಿ ಮಾತ್ರವಲ್ಲ. ಬೆಟ್ಟದ ಎತ್ತರವನ್ನು ನಾನು ಹತ್ತಿ ಇಳಿಯುವವನ ಕಾಲಿನಿಂದ ಅಳೆದಿದ್ದೆ. ಶಾಸನಕಾರ ಅದನ್ನು ಇಳಿಯದೆ ಉಳಿದವನ ಕಡೆಯಿಂದ ಕಂಡಿದ್ದ. ಅಂಥವನಿಗೆ 175 ಅಡಿಯ ಬೆಟ್ಟವೂ ಉನ್ನತ ಶಿಖರವೇ.

ಕಾವಲುಗಾರ ಬಂದು, “ಬಾಗಿಲು ಹಾಕ್ತೀವಿ, ಇಳೀರಿ ಸ್ವಾಮಿ” ಎಂದ. ಕಂಬಿ ಹಿಡಿದು ಮೆಲ್ಲನೆ ಇಳಿದೆ. ಆ ವಿದ್ಯಾರ್ಥಿನಿ ಈಗ ಎಲ್ಲಿರುವಳೋ ತಿಳಿಯದು. ಅವಳ ಪ್ರಶ್ನೆಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆದಿಟ್ಟಿದ್ದೇನೆ.