ಕಣಿವೆ ದಾಟದ ನೀಲಿ ಹಕ್ಕಿ

ಕೊಡೈಕೆನಾಲ್
ಮೇ ತಿಂಗಳು, ಭಾನುವಾರ

ಪ್ರೀತಿಯ ಶಾಂತಾ,

ಬೆಳಗಿನ ಆರು ಗಂಟೆ. ಊರಾಚೆಯ ಶೋಲಾ ಕಾಡಿನಂಚಿನಲ್ಲಿ ಮಂಜಿನ್ನೂ ಕರಗಿರಲಿಲ್ಲ. ಕೊಳೆತ ತರಗೆಲೆಗಳ ಮೇಲೆ ಪುಟ್ಟ ಹಕ್ಕಿಯೊಂದು ಕುಪ್ಪಳಿಸುತ್ತ ಬಂತು. ಗಾಢ ನೀಲಿ ಬೆನ್ನು, ಹುಬ್ಬಿನ ಜಾಗದಲ್ಲಿ ಬಿಳಿ ಗೆರೆ, ಬಿಳಿ ಹೊಟ್ಟೆ, ಉದ್ದ ಕಾಲು. ಎಲೆಯೊಂದನ್ನು ಮಗುಚಿ ಹುಳ ಹೆಕ್ಕಿತು, ತೆಳ್ಳನೆಯ ದನಿಯಲ್ಲಿ ಸಿಳ್ಳೆ ಹಾಕಿತು, ಪೊದೆ ಸೇರಿತು. ಹಾರಿದ್ದು ನಾಲ್ಕು ಮಾರು ದೂರ, ಅಷ್ಟೇ. ಬಿಳಿಹೊಟ್ಟೆಯ ನೀಲಿ ರಾಬಿನ್ ಎಂದರೆ ಇದೇ.

ಪಶ್ಚಿಮ ಘಟ್ಟದಲ್ಲಿ ಸುಮಾರು 1,400 ಮೀಟರಿನಿಂದ ಮೇಲಕ್ಕೆ ಮಾತ್ರ ಇಂಥ ಶೋಲಾ ಕಾಡು, ಹುಲ್ಲುಗಾವಲು ಸಿಗುತ್ತವೆ. ಬೆಟ್ಟದ ತಲೆಗಳ ಮೇಲೆ ತಂಪು, ನಡುವಿನ ಕಣಿವೆಗಳಲ್ಲಿ ಬಿಸಿಲು. ತಂಪಿಗೆ ಒಗ್ಗಿದ ಹಕ್ಕಿಗೆ ಆ ಬಿಸಿಲ ಬಯಲೇ ಕಡಲು. ವಿಜ್ಞಾನಿಗಳು ಈ ಶಿಖರಗಳನ್ನು ಆಕಾಶ ದ್ವೀಪಗಳು ಎನ್ನುತ್ತಾರೆ.

ಎಲ್ಲಕ್ಕಿಂತ ದೊಡ್ಡ ಕಡಲು ಪಾಲಕ್ಕಾಡ್ ಕಂಡಿ, ಸುಮಾರು 30 ಕಿ.ಮೀ. ಅಗಲ. ಅದರ ಉತ್ತರಕ್ಕೆ, ನೀಲಗಿರಿಯಲ್ಲಿರುವ ರಾಬಿನ್‌ಗೆ ಪಕ್ಕೆ ಕೆಂಗಂದು. ದಕ್ಷಿಣದಲ್ಲಿರುವುದಕ್ಕೆ ಆ ಬಣ್ಣವಿಲ್ಲ. ಬಹುಕಾಲ ಇವೆರಡನ್ನೂ ಒಂದೇ ಪ್ರಭೇದದ ಎರಡು ಉಪಪ್ರಭೇದಗಳೆಂದು ಎಣಿಸಿದ್ದರು. ಬೇರೆ ಬೇರೆ ಬೆಟ್ಟದ ಹಕ್ಕಿಗಳು ಒಂದನ್ನೊಂದು ಭೇಟಿಯಾಗುವುದೇ ಇಲ್ಲ. ಕೂಡಿ ಮರಿ ಮಾಡುತ್ತವೆಯೇ ಎಂದು ನೋಡಿ ತೀರ್ಮಾನಿಸುವ ದಾರಿ ಮುಚ್ಚಿತ್ತು.

ಆ ಗಂಟನ್ನು ಬಿಚ್ಚಿದ್ದು ಡಿಎನ್‌ಎ. ವಿಜ್ಞಾನಿಗಳಾದ ವಿ. ವಿ. ರಾಬಿನ್, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ಬೆಟ್ಟ ಬೆಟ್ಟ ಹತ್ತಿದರು. ತೆಳು ಬಲೆಗೆ ಬಿದ್ದ ಹಕ್ಕಿಯನ್ನು ಅಂಗೈಯಲ್ಲಿ ಹಿಡಿದು ಅಳೆದು, ಒಂದೆರಡು ಹನಿ ರಕ್ತ ತೆಗೆದು ಹಾರಲು ಬಿಟ್ಟರು. ಹಸ್ತಪ್ರತಿ ನಕಲು ಮಾಡುವಾಗ ತಪ್ಪುಗಳು ನುಸುಳುವಂತೆ ತಲೆಮಾರಿನಿಂದ ತಲೆಮಾರಿಗೆ ಡಿಎನ್‌ಎಯಲ್ಲೂ ಅಕ್ಷರ ಬದಲಾಗುತ್ತದೆ. ಎರಡು ಗುಂಪು ಕೂಡದಿದ್ದರೆ ಆಚೆಯ ಬದಲಾವಣೆ ಈಚೆಗೆ ಬರುವುದಿಲ್ಲ. ವ್ಯತ್ಯಾಸ ಹೆಚ್ಚಿದಷ್ಟೂ ಅಗಲಿಕೆ ಹಳೆಯದು.

2010ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಅತಿ ಆಳದ ಬಿರುಕು ಪಾಲಕ್ಕಾಡ್ ಕಂಡಿಯಲ್ಲೇ ಕಂಡಿತು. 2017ರಲ್ಲಿ ಡಿಎನ್‌ಎ ಜೊತೆಗೆ ಹಾಡು, ಗರಿಯ ಬಣ್ಣ, ಮೈಯಳತೆಗಳನ್ನೂ ತೂಗಿ ಎರಡು ಹೊಸ ಕುಲಗಳನ್ನೇ ಹೆಸರಿಸಿದರು. ನೀಲಿ ರಾಬಿನ್‌ಗಳದು ಶೋಲಿಕೋಲಾ, ಅಂದರೆ ಶೋಲಾವಾಸಿ. ಅದರಲ್ಲಿ ಮೂರು ಪ್ರಭೇದ. ಸೆಂಗೋಟೈ ಕಂಡಿಯ ದಕ್ಷಿಣಕ್ಕೆ, ಅಶಂಬು ಬೆಟ್ಟಗಳಲ್ಲಿರುವುದು ವಿಜ್ಞಾನಕ್ಕೇ ಹೊಸದು. ಇದೇ ಶೋಲಾಗಳ ಇನ್ನೊಂದು ಹಕ್ಕಿಗುಂಪಾದ ನಗೆಮಲ್ಲಗಳದು (ಲಾಫಿಂಗ್‌ಥ್ರಶ್) ಮಾಂಟೆಸಿಂಕ್ಲಾ: ಬಾಣಾಸುರ, ನೀಲಗಿರಿ, ಪಳನಿ, ಅಶಂಬು ಎಂದು ನಾಲ್ಕು ಪ್ರಭೇದ. ಎರಡು ಬೇರೆ ಬೇರೆ ವಂಶಗಳನ್ನು ಅವೇ ಕಣಿವೆಗಳು ಹೋಳು ಮಾಡಿವೆ!

ಬೆಟ್ಟಗಳು ಲಕ್ಷಾಂತರ ವರ್ಷಗಳಲ್ಲಿ ಮಾಡಿದ ಕೆಲಸವನ್ನು ಮನುಷ್ಯ ಈಗ ಅವಸರದಲ್ಲಿ ಮಾಡುತ್ತಿದ್ದಾನೆ ಎಂಬುದೇ ಸಂಕಟ. ಒಂದೇ ಬೆಟ್ಟಸಾಲಿನೊಳಗೆ ಕಾಡು ಕಡಿದು ತುಂಡಾದ ಕಡೆ ಅಕ್ಕಪಕ್ಕದ ಹಕ್ಕಿಗುಂಪುಗಳೂ ದೂರವಾಗುತ್ತಿರುವ ಗುರುತು ವಂಶವಾಹಿಗಳಲ್ಲಿ ಸಿಕ್ಕಿದೆ. ಹಾಡಿನಲ್ಲೂ ವ್ಯತ್ಯಾಸ ಕೇಳಿಸುತ್ತಿದೆ. ಆದರೆ ಇದು ಹೊಸ ಪ್ರಭೇದ ಹುಟ್ಟುವ ಲಕ್ಷಣವಲ್ಲ, ಸಣ್ಣ ಗುಂಪು ಒಂಟಿಯಾಗಿ ಸೊರಗುವ ಅಪಾಯ. ಹೆಸರು ಬೇರೆಯಾದ ಮೇಲೆ ಲೆಕ್ಕವೂ ಬದಲಾಯಿತು: ನೀಲಗಿರಿಯ ರಾಬಿನ್ ಅಳಿದರೆ ಇಲ್ಲಿನ ಪಳನಿ ಬೆಟ್ಟಗಳದು ಆ ಜಾಗ ತುಂಬಲಾರದು.

ಆ ನೀಲಗಿರಿಯ ರಾಬಿನ್ ನಿಮ್ಮ ಬಾಬಾಬುಡನ್‌ಗಿರಿಯ ಶೋಲಾಗಳಲ್ಲೂ ಇದೆ, ಶಾಂತಾ. ಅಳಿವಿನಂಚಿನ ಪಟ್ಟಿಯಲ್ಲಿರುವ ಹಕ್ಕಿ ಅದು. ಮಕ್ಕಳನ್ನು ಕರೆದುಕೊಂಡು ಹೋದಾಗ ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯಬೇಡಿ, ದಾರಿ ಬಿಟ್ಟು ಕಾಡೊಳಗೆ ನುಗ್ಗಬೇಡಿ. ಅಂಚಿನಲ್ಲಿ ಸುಮ್ಮನೆ ಕುಳಿತು ಕಾಯಿರಿ. ಹಾಡು ಕೇಳಿಸಿದರೆ ದಿನ, ಹೊತ್ತು, ಜಾಗ ಬರೆದಿಟ್ಟು ಉತ್ತರದಲ್ಲಿ ತಿಳಿಸು.

ನಿನ್ನ
ಅಕ್ಕ